ಹಗಲಲ್ಲಿ ಹೇಳಿದ ಮಣಿಯ ಕಥೆ

ಈ ಸಂಗತಿಯನ್ನು ನಾನು ಇಬ್ಬರ ಬಾಯಿಂದ ಕೇಳಿದೆ. ಒಬ್ಬರು ಫಲೇಸಿ ಅಜ್ಜಿ. ದ್ವಾಂಗ್ವಾ ಹೊಳೆ ಮಲಾವಿ ಸರೋವರವನ್ನು ಸೇರುವ ಅಳಿವೆಯ ಬಳಿ ಅವರ ಮನೆ. ಇನ್ನೊಬ್ಬ ಅವರ ಮಗಳ ಮಗ ಲಮೇಕಿ, ನಲವತ್ತು ದಾಟಿದ ಮೆಕ್ಯಾನಿಕ್. ಇಬ್ಬರ ಮಾತು ಕೂಡುವ ಕಡೆ ಒಂದೇ ಎಳೆಯಾಗಿ ಹೆಣೆದಿದ್ದೇನೆ. ಕೂಡದ ಕಡೆ ಎರಡನ್ನೂ ಹಾಗೆಯೇ ಬಿಟ್ಟಿದ್ದೇನೆ.

ನಮ್ಮ ತೀರದಲ್ಲಿ ಸೂರ್ಯ ಮುಳುಗುವ ಮೊದಲು ಯಾರೂ ಕಥೆ ಹೇಳುವುದಿಲ್ಲ. ಹೇಳಿದವರ ತಲೆಯಲ್ಲಿ ಕೊಂಬು ಮೂಡುತ್ತದೆ. ಜಗಳಕ್ಕೆ, ಸುದ್ದಿಗೆ, ಚಾಡಿಗೆ ಹಗಲು ಅಡ್ಡಿಯಲ್ಲ. ಹಾಡು ಸೇರಿದ ಹಳೆಯ ಕಥೆಗೆ ಮಾತ್ರ ಕತ್ತಲೆ ಬೇಕು, ಒಲೆಯ ಬೆಂಕಿ ಬೇಕು, ನಡುನಡುವೆ ‘ಜೊತೆಗಿದ್ದೇವೆ’ ಎಂದು ಓಗೊಡುವವರು ಬೇಕು. ಬರೆಯುವುದಕ್ಕೂ ಈ ಕಟ್ಟಳೆ ಉಂಟೇ ಎಂದು ಕೇಳಿದಾಗ ಯಾರೂ ಖಚಿತವಾಗಿ ಹೇಳಲಿಲ್ಲ. ಆದ್ದರಿಂದ ದೀಪ ಹಚ್ಚಿದ ಮೇಲೆಯೇ ಬರೆಯುತ್ತಿದ್ದೇನೆ.

ಮಣಿಯ ಕಥೆ ಅಂಥ ಹಳೆಯ ಕಥೆ. ಒಬ್ಬ ಹುಡುಗಿಯನ್ನು ಗುಲಾಮರ ಸಾಲಿನಲ್ಲಿ ಕಟ್ಟಿ ತೀರದ ಗುಂಟ ತೆಂಕಣಕ್ಕೆ ಒಯ್ಯುತ್ತಾರೆ. ಅವಳ ಸೊಂಟದ ದಾರದಲ್ಲಿ ಏಳು ಮಣಿಗಳು. ತಂಗಿ ಹಿಂಬಾಲಿಸಿ ಬರಲೆಂದು ಅವಳು ಸಾಲು ನಿಂತಲ್ಲೆಲ್ಲ ಒಂದೊಂದು ಮಣಿಯನ್ನು ಬೀಳಿಸುತ್ತಾಳೆ: ಹೊಳೆಯ ಅಳಿವೆಯಲ್ಲಿ ಒಂದು, ದೊಡ್ಡ ಅತ್ತಿಮರದ ಬುಡದಲ್ಲಿ ಒಂದು, ಬಿಸಿನೀರಿನ ಬುಗ್ಗೆಯಲ್ಲಿ ಒಂದು, ಹಿನ್ನೀರಿನ ಜೊಂಡಿನಲ್ಲಿ ಒಂದು. ಅಲ್ಲಿಂದ ಮುಂದಿನ ಕಥೆ ಫಲೇಸಿ ಅಜ್ಜಿಗೆ ಗೊತ್ತಿರಲಿಲ್ಲ. ಅವರ ಮುತ್ತಜ್ಜಿ ಕಥೆ ಹೇಳುತ್ತಿದ್ದ ಕಾಲದಲ್ಲಿ, ಜೊಂಡು ಬರುವಷ್ಟರಲ್ಲಿ ಪುಟ್ಟ ಫಲೇಸಿಗೆ ನಿದ್ದೆ ಬಂದುಬಿಡುತ್ತಿತ್ತು. ಒಂದು ರಾತ್ರಿಯೂ ತಪ್ಪಲಿಲ್ಲ. ಕೊನೆಯವರೆಗೆ ಎಚ್ಚರವಿರುತ್ತಿದ್ದವಳು ಅಕ್ಕ ಮಲಿತಾ ಒಬ್ಬಳೇ. ಬೆಳಿಗ್ಗೆ ತಂಗಿ ಕಾಡಿದರೆ, “ಹಗಲಲ್ಲಿ ಹೇಳಿ ಕೊಂಬು ಬರಿಸ್ಕೊಳ್ಳಲಾ? ಇವತ್ತು ರಾತ್ರಿ ಕಣ್ಣು ಬಿಟ್ಕೊಂಡಿರು” ಎನ್ನುತ್ತಿದ್ದಳಂತೆ. ಮುತ್ತಜ್ಜಿ ತೀರಿಕೊಂಡರು. ಮಲಿತಾ ಸರೋವರದ ಆಚೆ ದಡಕ್ಕೆ ಮದುವೆಯಾಗಿ ಹೋದಳು. ಫಲೇಸಿ ಅಜ್ಜಿ ತಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ಮಣಿಯ ಕಥೆಯನ್ನು ಜೊಂಡಿನವರೆಗೇ ಹೇಳಿದರು. “ಆಮೇಲೆ?” ಎಂದು ಕೇಳಿದರೆ, “ಆಮೇಲೆ ನಿದ್ದೆ” ಎನ್ನುತ್ತಿದ್ದರು.

ಹೋದ ವರ್ಷ ಆಚೆ ದಡದಲ್ಲಿ ಮಲಿತಾ ಅಜ್ಜಿಗೆ ಲಕ್ವ ಹೊಡೆಯಿತು. ಮಗ ಅಫೊನ್ಸು ದೋಣಿಯಲ್ಲಿ ಈಚೆ ದಡದ ಸಲೀಮಾಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದ. ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಮಳೆಗೆ ಕೊಚ್ಚಿಹೋಗಿದ್ದ ಸೇತುವೆ ಏಪ್ರಿಲ್‌ನಲ್ಲಿ ಸಿದ್ಧವಾಗಿ ದಕ್ಷಿಣದ ದಾರಿ ತೆರೆಯುವ ಹೊತ್ತಿಗೆ ಸುದ್ದಿ ಬಂತು: ಇನ್ನು ಮಾಡುವುದೇನೂ ಇಲ್ಲ, ಗುರುವಾರ ನಾಲ್ಕು ಗಂಟೆಗೆ, ಗಾಳಿ ತಗ್ಗಿದ ಮೇಲೆ, ಸಲೀಮಾದ ಬಳಿಯ ಸೆಂಗಾ ದಂಡೆಯಿಂದ ಅವರನ್ನು ವಾಪಸ್ ದಾಟಿಸುತ್ತಾರೆ. ಫಲೇಸಿ ಅಜ್ಜಿ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವರಲ್ಲ. ಅಕ್ಕನನ್ನು ನೋಡಬಹುದಾದದ್ದು ಆ ಗುರುವಾರ ಮಾತ್ರ. ಕಥೆಯ ಕೊನೆ ಕೇಳಬಹುದಾದದ್ದೂ ಆ ಗುರುವಾರವೇ, ಅದೂ ಮಾತು ಹೋದವರ ಬಾಯಿಂದ.

ಲಮೇಕಿಯ ಕ್ಯಾಂಪರ್ ವ್ಯಾನ್ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಗಾಡಿ. ಯಾರೋ ವಿದೇಶಿ ದಂಪತಿ ಎಂಜಿನ್ ಸುಟ್ಟುಕೊಂಡು ಅವನ ಅಂಗಳದಲ್ಲಿ ಬಿಟ್ಟು ವಿಮಾನ ಹತ್ತಿದ್ದರು. ಎರಡು ವರ್ಷ ಕೂತು ಅವನು ಅದಕ್ಕೆ ಜೀವ ಕೊಟ್ಟ. ಹೊರಗೆ ಪಾಚಿ ಹಸಿರು ಬಣ್ಣ. ಒಳಗೆ ಮಡಚುವ ಮಂಚ, ಒಂದುರಿ ಗ್ಯಾಸ್ ಒಲೆ, ತಾಂಬಾಳದಷ್ಟು ಅಗಲದ ಸಿಂಕು, ಕಿಟಕಿಗಳಿಗೆ ಹೂವಿನ ಪರದೆ, ಛಾವಣಿಯಲ್ಲಿ ಎತ್ತಿ ತೆರೆಯುವ ಒಂದು ಗವಾಕ್ಷಿ. ಗವಾಕ್ಷಿಯ ಮುಚ್ಚಳ ಯಾವಾಗಲೋ ಗಾಳಿಗೆ ಹಾರಿಹೋಗಿತ್ತು. “ಮಲಗಿಕೊಂಡೇ ನಕ್ಷತ್ರ ನೋಡಬಹುದು” ಎಂದು ಲಮೇಕಿ ಅದನ್ನೂ ಸೌಕರ್ಯದ ಲೆಕ್ಕಕ್ಕೆ ಸೇರಿಸಿದ್ದ.

ಬೆಳಕು ಹರಿಯುವಾಗ ಹೊರಟರು. ಮೊಮ್ಮಗ ಅಜ್ಜಿಯನ್ನು ‘ಹೆಂಡತಿ’ ಎಂದು ಕಾಡುವುದು, ಅಜ್ಜಿ ಅವನನ್ನು ಕೆಲಸಕ್ಕೆ ಬಾರದ ಗಂಡನೆಂದು ಬೈಯುವುದು ನಮ್ಮಲ್ಲಿ ಸಲ್ಲುವ ಸಲಿಗೆ.

“ಹೆಂಡ್ತೀ, ಮುಂದಿನ ಸೀಟಲ್ಲಿ ಕೂತ್ಕೋ. ಊರೋರು ನೋಡ್ಲಿ” ಎಂದ ಲಮೇಕಿ.

“ನೋಡಿದ್ರೆ ಅಯ್ಯೋ ಪಾಪ ಅಂತಾರೆ. ಮುದುಕಿಗೆ ಗ್ರೀಸ್ ಮೆತ್ಕೊಂಡ ಗಂಡ. ನಾನು ಹಿಂದೆ ಮಲ್ಗ್ತೀನಿ.”

ಮಂಚದ ಮೇಲೆ ಮಲಗಿದರೆ ಕಿಟಕಿಯ ತುಂಬ ನೀರೇ. ಮರಳು ಕಾಣದು, ರಸ್ತೆ ಕಾಣದು. ತಾವು ನೀರಿನ ಮೇಲೆಯೇ ತೇಲುತ್ತಿದ್ದೇವೆ ಎನಿಸಿತೆಂದೂ, ಆದರೆ ಹೆದರಿಕೆಯಾಗಲಿಲ್ಲವೆಂದೂ ಅಜ್ಜಿ ನನಗೆ ಹೇಳಿದರು. ದೂರದಲ್ಲಿ, ನೀರಿನಿಂದ ನೇರವಾಗಿ ಎದ್ದು, ಒಂದು ಬೂದು ಹೊಗೆಯ ಕಂಬ ನಿಂತಿತ್ತು. ಮೇಲೆ ಹೋದಂತೆ ಅದು ಸಡಿಲವಾಗಿ, ಒಂದು ಕಡೆಗೆ ಬಾಗಿ, ಬೆಳಗಿನ ಬೆಳಕಿನಲ್ಲಿ ಕರಗುತ್ತಿತ್ತು.

“ಖುಂಗು ಎದ್ದಿದೆ ನೋಡಜ್ಜಿ! ಗಾಳಿ ಈ ಕಡೆ ತಿರುಗಿದ್ರೆ ಸಂಜೆಗೆ ನಮ್ಮೂರಿಗೇ ಬರುತ್ತೆ. ಬುಟ್ಟಿಗೆ ಎಣ್ಣೆ ಸವರಿ ಇಟ್ಟು ಬರ್ಬೇಕಿತ್ತು” ಎಂದು ಲಮೇಕಿ ಕೂಗಿದ. ಕೋಟಿಗಟ್ಟಲೆ ನುಸಿಗಳು ನೀರಿನಿಂದ ಹೀಗೆ ಹೊಗೆಯಾಗಿ ಏಳುತ್ತವೆ. ಅಂಟಿಕೊಳ್ಳಲೆಂದು ಎಣ್ಣೆ ಸವರಿದ ಬುಟ್ಟಿ ಬೀಸಿ ಹಿಡಿದು, ಒತ್ತಿ, ರೊಟ್ಟಿ ತಟ್ಟಿ ಸುಟ್ಟರೆ ಮೀನಿಗಿಂತ ರುಚಿ.

“ಮೊನ್ನೆ ಹಿಡಿದಿದ್ದೇ ಬಾಳೆ ಎಲೇಲಿ ಕಟ್ಕೊಂಡಿದೀನಿ, ಅಕ್ಕಂಗೆ” ಎಂದರು ಅಜ್ಜಿ. “ಉಪ್ಪು ಒಂದು ಹಿಡಿ ಜಾಸ್ತೀನೇ ಹಾಕಿದೀನಿ. ಅವಳ ಕೈಯಡುಗೇಲಿ ಉಪ್ಪು ಅನ್ನೋದು ಇರ್ತಿರ್ಲಿಲ್ಲ. ಆ ಹುಳಿಹುಳಿ ಮುಖಕ್ಕೆ ಯಾರು ಹೇಳೋರು.”

ಎನ್‌ಖೊಟಕೊಟ ಪಟ್ಟಣದಲ್ಲಿ ಅಜ್ಜಿ ಗಾಡಿ ನಿಲ್ಲಿಸಲು ಹೇಳಿದರು. ಕ್ರೈಸ್ತ ಮಿಷನ್ನಿನ ಆಚೆ, ನೂರಾರು ವರ್ಷದ ಅತ್ತಿಮರದ ಕೆಳಗೆ ಒಂದು ಫಲಕವಿತ್ತು, ಒಂದು ಮೇಕೆ ಕಟ್ಟಿತ್ತು. ಗುಲಾಮರನ್ನು ಕೂರಿಸುತ್ತಿದ್ದ ಕಾಲದಲ್ಲಿ ನೆಲಕ್ಕಿಳಿದ ಬೇರುಗಳು ಈಗ ಬೆಂಚಿನಂತೆ ನುಣುಪಾಗಿದ್ದವು. ಅಜ್ಜಿ ಒಂದು ಬೇರಿನ ಮೇಲೆ ಬಹಳ ಹೊತ್ತು ಕೂತರು. ಮರದೊಳಗಿನಿಂದ ಯಾರೋ ನಿಧಾನವಾಗಿ ಉಸಿರಾಡಿದಂತೆ ಎಲೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಬಿದ್ದಿದ್ದ ಒಂದು ಅತ್ತಿಕಾಯಿಯನ್ನು ಒರೆಸಿ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡರು.

ಅಲ್ಲಿಂದ ಬುಗ್ಗೆಗೆ. ಹೆಂಗಸರು ಬಿಸಿನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು; ಹಬೆಯಲ್ಲಿ ಅವರ ಕೈಗಳು ಕಾಣುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ. ಅಜ್ಜಿ ಒಂದು ಸೀಸೆಯಲ್ಲಿ ನೀರು ತುಂಬಿ, ಆರದಿರಲೆಂದು ಕಂಬಳಿಯಲ್ಲಿ ಸುತ್ತಿದರು.

ಲಮೇಕಿಗೆ ಆಗ ಹೊಳೆಯಿತು. “ಅಜ್ಜಿ, ಅತ್ತಿಮರ ಆಯ್ತು, ಬುಗ್ಗೆ ಆಯ್ತು. ಇನ್ನು ಚಿಯಾ ಹಿನ್ನೀರಲ್ಲಿ ಜೊಂಡು ಕೀಳ್ತೀಯಾ. ಇದು ಮಣಿ ಕಥೆ ದಾರಿ ಅಲ್ವಾ?”

“ಬಾಯ್ಮುಚ್ಚು! ಹಗಲು!”

“ನಾನೆಲ್ಲಿ ಕಥೆ ಹೇಳ್ದೆ? ದಾರಿ ಹೇಳ್ದೆ.”

“ದಾರೀಲೇ ಶುರುವಾಗೋದು ಕಥೆ. ನಿನ್ನ ಹಣೆ ಮುಟ್ಟಿ ನೋಡ್ಕೋ.”

ಅವನು ಕನ್ನಡಿಯಲ್ಲಿ ಹಣೆ ನೋಡಿಕೊಂಡನಂತೆ. ಈ ಮಾತನ್ನು ಅಜ್ಜಿ ಹೇಳಿದರು, ಲಮೇಕಿ ಒಪ್ಪುವುದಿಲ್ಲ.

ಚಿಯಾ ಸೇತುವೆಯ ಮೇಲೆ ಗಾಡಿ ನಿಂತಾಗ ಕೆಳಗೆ ಮೀನುಗಾರರು ಉದ್ದ ಕೋಲುಗಳ ಬಲೆಗಳನ್ನು ಎತ್ತುತ್ತ ಇಳಿಸುತ್ತ ಇದ್ದರು. ಶಬ್ದವಿಲ್ಲ. ದೊಡ್ಡ ರೆಕ್ಕೆಗಳು ನೀರು ಕುಡಿದು ಏಳುವಂತೆ ಬಲೆಗಳು ಎದ್ದು, ಹೊಳೆದು, ಮತ್ತೆ ಮುಳುಗುತ್ತಿದ್ದವು. ಅಜ್ಜಿಗೆ ರೆಪ್ಪೆ ಭಾರವಾಯಿತು. ಜೊಂಡು ಕಂಡ ಕೂಡಲೇ ನಿದ್ದೆ ಬರುವುದು ಎಪ್ಪತ್ತು ವರ್ಷದ ರೂಢಿ. “ಲಮೇಕಿ, ಮಾತಾಡ್ತಾ ಇರು. ನಾನು ಮಲಗಿದ್ರೆ ಬೈದು ಎಬ್ಬಿಸು” ಎಂದರು. ಅವನು ಸಲೀಮಾದವರೆಗೂ ಗೇರ್‌ಬಾಕ್ಸಿನ ವಿಚಾರ ಮಾತನಾಡಿದ. ಸೇತುವೆಯ ಬಳಿ ಕಿತ್ತ ಜೊಂಡಿನ ಕಡ್ಡಿಯನ್ನು ಹಿಡಿದುಕೊಂಡು ಅಜ್ಜಿ ನೆಟ್ಟಗೆ ಕೂತೇ ಬಂದರು.

ಸೆಂಗಾ ದಂಡೆ ತಲುಪಿದಾಗ ಎರಡೂಮುಕ್ಕಾಲು. ದೋಣಿಗೆ ಸೀಮೆಎಣ್ಣೆ ಡಬ್ಬ, ಸಕ್ಕರೆ ಮೂಟೆ, ಸೈಕಲ್ಲುಗಳನ್ನು ಏರಿಸುತ್ತಿದ್ದರು. ಬಾದಾಮಿ ಮರದ ನೆರಳಿನಲ್ಲಿ ಚಾಪೆಯ ಮೇಲೆ ಮಲಿತಾ ಅಜ್ಜಿಯನ್ನು ಒರಗಿಸಿದ್ದರು. ತಂಗಿ ಎದುರು ಕೂತರು. ಅಕ್ಕನ ಕಣ್ಣು ಅವರ ಮೇಲೆ ಬಂತು, ದಾಟಿ ನೀರಿನ ಕಡೆ ಹೋಯಿತು.

“ಅಕ್ಕಾ, ನಾನು ಫಲೇಸಿ.”

ಖುಂಗು ರೊಟ್ಟಿಯ ಚೂರನ್ನು ತುಟಿಗಿಟ್ಟರೆ ಬಾಯಿ ತೆರೆಯಿತು, ಅಗಿಯಿತು. ಯಾರು ಕೊಟ್ಟರೆಂದು ನೋಡಲಿಲ್ಲ.

“ಮೂರು ತಿಂಗಳಿಂದ ಹೀಗೇನೇ ಚಿಕ್ಕಮ್ಮ. ನನ್ನನ್ನೂ ಕೆಲವು ಸಲ ಗುರುತಿಸಲ್ಲ. ಬೇಜಾರು ಮಾಡ್ಕೋಬೇಡಿ” ಎಂದ ಅಫೊನ್ಸು. ಒಳ್ಳೆಯ ಮನುಷ್ಯ, ಆದರೆ ಅವನ ಕಣ್ಣು ಗಾಳಿಯ ಮೇಲಿತ್ತು.

ಫಲೇಸಿ ಅಜ್ಜಿ ಎದ್ದು ನಿಂತರು. ಸೂರ್ಯನನ್ನು ನೋಡಿದರು. ಆಮೇಲೆ ವ್ಯಾನನ್ನು ನೋಡಿದರು.

“ಲಮೇಕಿ, ಆ ಪರದೆ ಎಳಿ.”

“ಯಾಕಜ್ಜಿ?”

“ಇವಳನ್ನ ಒಳಗೆ ಮಲಗ್ಸೋಣ. ನಂಗೆ ರಾತ್ರಿ ಬೇಕು.”

ಲಮೇಕಿಗೂ ಅಫೊನ್ಸುಗೂ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಫೊನ್ಸು ಅಡ್ಡಡ್ಡ ತಲೆಯಾಡಿಸಿದ. “ಚಿಕ್ಕಮ್ಮ, ಪರದೆ ಎಳೆದ್ರೆ ಹಗಲು ರಾತ್ರಿ ಆಗುತ್ತಾ? ಕೊಂಬು ಬರೋದು ಬರೋದೇ.”

“ಬಂದ್ರೆ ನಂಗೆ ಬರುತ್ತೆ. ಈ ವಯಸ್ಸಲ್ಲಿ ಯಾವ ಗಂಡು ನೋಡೋಕೆ ಬರ್ತಾನೆ? ದೋಣಿ ತುಂಬೋವರೆಗೂ ನಂಗೆ ಬಿಡಪ್ಪ.”

ಅವನು ಒಪ್ಪಿದ. ಮಲಿತಾ ಅಜ್ಜಿಯನ್ನು ಚಾಪೆ ಸಮೇತ ಎತ್ತಿ ಮಂಚದ ಮೇಲೆ ಮಲಗಿಸಿದರು. ಹೂವಿನ ಪರದೆ ತೆಳು; ಬಿಸಿಲು ಸೋರುತ್ತಿತ್ತು. ಅಜ್ಜಿ ತಾವು ಉಟ್ಟಿದ್ದ ಮೇಲುಬಟ್ಟೆಯನ್ನೂ ತಂದಿದ್ದ ಎರಡನ್ನೂ ಬಿಚ್ಚಿ ಕಿಟಕಿಗಳಿಗೆ ಸಿಕ್ಕಿಸಿದರು. ಮುಂದಿನ ಗಾಜಿಗೆ ಕಂಬಳಿ. ಉಳಿದದ್ದು ಛಾವಣಿಯ ಗವಾಕ್ಷಿ ಮಾತ್ರ: ಅಲ್ಲಿಂದ ಚೌಕನೆಯ ಹಗಲು ನೇರ ಅಕ್ಕನ ಎದೆಯ ಮೇಲೆ ಬಿದ್ದಿತ್ತು.

“ಅದಕ್ಕೆ ಮುಚ್ಚಳ ಇಲ್ಲ” ಎಂದ ಲಮೇಕಿ.

“ನೀನಿದೀಯಲ್ಲ.”

ಹೀಗೆ ಲಮೇಕಿ ಗಾಡಿಯ ಮೇಲೆ ಹತ್ತಿ, ಕಾದ ತಗಡಿನ ಮೇಲೆ ಗೋಣಿ ಹಾಸಿ, ಗವಾಕ್ಷಿಗೆ ಹೊಟ್ಟೆ ಕೊಟ್ಟು ಬೋರಲು ಮಲಗಿದ. ಒಳಗೆ ಕತ್ತಲೆಯಾಯಿತು. ಮುಂದಿನದನ್ನು ಅವನು ಕೇಳಿದ್ದು ಮಾತ್ರ, ನೋಡಿದ್ದಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಅಜ್ಜಿ ಗ್ಯಾಸ್ ಒಲೆಯನ್ನು ಸಣ್ಣಗೆ ಹಚ್ಚಿದರು. ನೀಲಿ ಉರಿಯ ಸುತ್ತ ಒಂದು ಅಂಗೈಯಷ್ಟು ಬೆಳಕು. ಹೊರಗೆ ಸಕ್ಕರೆ ಮೂಟೆ ಹೊರುವವರ ಕೂಗು ಬಹಳ ದೂರದಿಂದ, ಬೇರೆ ಯಾವುದೋ ದಿನದಿಂದ ಬಂದಂತಿತ್ತು.

“ಇದು ನಡೆದ ಕಾಲಕ್ಕೆ ನಾವಿರಲಿಲ್ಲ” ಎಂದು ಫಲೇಸಿ ಅಜ್ಜಿ ಆರಂಭಿಸಿದರು.

ಮೇಲಿನಿಂದ ಲಮೇಕಿಯ ದನಿ, ಹೊಟ್ಟೆಯ ಮೂಲಕವೇ ಬಂದಂತೆ: “ಜೊತೆಗಿದ್ದೇವೆ.”

ಅಳಿವೆ ಬಂತು. ಅತ್ತಿಮರ ಬಂತು, ಅಜ್ಜಿ ಅತ್ತಿಕಾಯಿಯನ್ನು ಅಕ್ಕನ ಎಡಗೈಯಲ್ಲಿಟ್ಟರು. ಬುಗ್ಗೆ ಬಂತು, ಸೀಸೆಯ ನೀರು ಇನ್ನೂ ಬೆಚ್ಚಗಿತ್ತು, ಅದನ್ನು ಅಂಗೈಗೆ ಹನಿಸಿದರು. ಪ್ರತಿ ನಿಲುಗಡೆಯಲ್ಲೂ ಹಾಡು. ಚಿಕ್ಕಂದಿನಲ್ಲಿ ತಂಗಿ ಕೇಳುವವಳು, ಅಕ್ಕ ಉತ್ತರಿಸುವವಳು. ಈಗ ಎರಡನ್ನೂ ಒಬ್ಬರೇ ಹಾಡಿದರು. ಕೊನೆಗೆ ಜೊಂಡಿನ ಕಡ್ಡಿಯನ್ನು ಅಕ್ಕನ ಬೆರಳುಗಳ ನಡುವೆ ಸಿಕ್ಕಿಸಿ ಹಾಡಿದರು:

ಅಕ್ಕಾ ಅಕ್ಕಾ, ಎಷ್ಟು ಮಣಿ ಉಳಿಯಿತು?
ದಾರ ಹಗುರ, ದಾರಿ ಭಾರ, ಎಷ್ಟು ಮಣಿ ಉಳಿಯಿತು?
ತಂಗೀ ತಂಗೀ, ಎರಡು ಮಣಿ ಉಳಿಯಿತು...

ಅಷ್ಟರಲ್ಲಿ ಫಲೇಸಿ ಅಜ್ಜಿಯ ಮೊಣಕೈಗೆ ಪಟ್ಟನೆ ಒಂದು ಏಟು ಬಿತ್ತು. ಜೊಂಡಿನ ಏಟು. ಕತ್ತಲೆಯಲ್ಲಿ ತುಕ್ಕು ಹಿಡಿದ ತಿರುಗಣಿಯಂತೆ ಒಂದು ದನಿ ಏಳತೊಡಗಿತು. ಮೊದಲು ರಾಗ ಮಾತ್ರ. ಆಮೇಲೆ ರಾಗದ ಒಳಗಿನಿಂದ ಮಾತು, ಒಂದೊಂದಾಗಿ, ಬುಗ್ಗೆಯ ಗುಳ್ಳೆಗಳಂತೆ:

ತಂಗೀ ತಂಗೀ, ಮೂರು ಮಣಿ ಉಳಿಯಿತು.

ಏಳರಲ್ಲಿ ನಾಲ್ಕು ಹೋದರೆ ಮೂರು. ಈ ಕಥೆಯನ್ನು ಫಲೇಸಿ ಅಜ್ಜಿಯ ಮನೆಯ ಹನ್ನೊಂದು ಜನರಿಂದ ನಾನು ಬರೆದುಕೊಂಡಿದ್ದೇನೆ. ಹನ್ನೊಂದರಲ್ಲೂ ‘ಎರಡು’ ಎಂದೇ ಇದೆ. ನಿದ್ದೆಗಣ್ಣಿನಲ್ಲಿ ಜಾರಿದ ಒಂದು ಮಣಿಯನ್ನು ಎರಡು ತಲೆಮಾರು ಯಾರೂ ಎಣಿಸಿ ನೋಡಿರಲಿಲ್ಲ.

“ಅಕ್ಕಾ” ಎಂದರು ಫಲೇಸಿ ಅಜ್ಜಿ. ಮಾತಿಗೆ ಉತ್ತರ ಬರಲಿಲ್ಲ. ಅವರಿಗೆ ತಿಳಿಯಿತು. ಮಾತು ಬಿಟ್ಟು ಹಾಡಿದರು: ಅಕ್ಕಾ ಅಕ್ಕಾ, ಎಷ್ಟು ಮಣಿ ಉಳಿಯಿತು? ಹಾಡಿದಾಗ ಹಾಡು ಬಂತು. ಕಥೆಯ ಅಕ್ಕ ಐದನೆಯ ಮಣಿಯನ್ನು ದಂಡೆಯ ಕಲ್ಲಿನ ಮೇಲೆ ಬಿಟ್ಟಳು. ಆರನೆಯದನ್ನು ದೋಣಿಯ ಅಂಚಿನಿಂದ ನೀರಿಗೆ ಬಿಟ್ಟಳು. ಏಳನೆಯದನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ದಾಟಿದಳು. ತಂಗಿ ದಂಡೆಗೆ ಬಂದಾಗ ದೋಣಿ ಇರಲಿಲ್ಲ, ನೀರಿನ ಮೇಲೆ ಹೆಜ್ಜೆ ಇರಲಿಲ್ಲ. ಐದು ಮಣಿಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಳು. ಅಕ್ಕ ಆಚೆ ದಡದಲ್ಲಿ ಏಳನೆಯ ಮಣಿಯನ್ನು ನೆಲದಲ್ಲಿ ಹೂತು ಅದರ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದಳು.

ತಂಗೀ ತಂಗೀ, ನೀರ ಮೇಲೆ ಹೊಗೆ ಕಂಡೆಯಾ?
ಒಂದು ಮಣಿ ಉಳಿಯಿತು, ನಾನು ಒಲೆ ಹಚ್ಚಿದೆ.
ದೋಣಿ ಬೇಡ, ದಾರಿ ಬೇಡ, ಹೊಗೆ ನೋಡಿ ಉಣ್ಣು,
ಒಂದು ಮಣಿ ಉಳಿಯಿತು, ನಾನು ಒಲೆ ಹಚ್ಚಿದೆ.

ಕೊನೆಯ ಸಾಲನ್ನು ಇಬ್ಬರೂ ಕೂಡಿಯೇ ಹಾಡಿದರು. ಎಷ್ಟು ಸಲ ಎಂಬುದರಲ್ಲಿ ಭೇದವಿದೆ: ಅಜ್ಜಿ ಮೂರು ಎನ್ನುತ್ತಾರೆ, ಲಮೇಕಿ ಹೊಟ್ಟೆ ಸುಡುತ್ತಿದ್ದುದರಿಂದ ಇಪ್ಪತ್ತು ಎನ್ನುತ್ತಾನೆ. ಒಲೆಯ ಬೆಳಕಿನಲ್ಲಿ ಅಕ್ಕ ತಮ್ಮ ಮುಖವನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ರೇಗಿದಾಗ ನೋಡುತ್ತಿದ್ದ ಹಾಗೆಯೇ ಎಂದು ಅಜ್ಜಿ ಹೇಳುತ್ತಾರೆ. ಇದಕ್ಕೆ ಬೇರೆ ಸಾಕ್ಷಿಯಿಲ್ಲ. ಆಮೇಲೆ ಹಾಡು ಸಣ್ಣದಾಯಿತು. ಹಿಡಿ ಸಡಿಲವಾಗಿ ಜೊಂಡು ಜಾರಿತು. ಮಲಿತಾ ಅಜ್ಜಿ ನಿದ್ದೆಹೋದರು. ಮಣಿಯ ಕಥೆಯಲ್ಲಿ ಅಕ್ಕ ಮೊದಲು ಮಲಗಿ ತಂಗಿ ಎಚ್ಚರವಿದ್ದುದು ಅದೇ ಮೊದಲು.

“ಅಜ್ಜೀ, ಬೆಳಗಾಯ್ತಾ? ನಾನು ರೊಟ್ಟಿ ಆಗ್ತಿದೀನಿ” ಎಂದು ಮೇಲಿನಿಂದ ಕೇಳಿತು.

ಅಫೊನ್ಸು ಬಾಗಿಲು ತೆರೆದಾಗ ಮಧ್ಯಾಹ್ನ ಒಮ್ಮೆಗೇ ಒಳನುಗ್ಗಿತು. ಅವನ ಕೆನ್ನೆ ಒದ್ದೆಯಾಗಿತ್ತು. ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದುದನ್ನು ಲಮೇಕಿ ಮೇಲಿನಿಂದ ಕಂಡಿದ್ದ. “ಅಮ್ಮನ ದನಿ ಮರ್ತೇ ಹೋಗಿತ್ತು ನಂಗೆ. ಚಿಕ್ಕಮ್ಮ, ಆ ಹಾಡಿನ ಪ್ರಶ್ನೆ ನಂಗೂ ಕಲಿಸ್ಕೊಡಿ. ಅಲ್ಲಿ ಕೇಳೋರು ಯಾರೂ ಇಲ್ಲ” ಎಂದ.

“ರಾತ್ರಿ ಮಾತ್ರ ಕೇಳು. ನನ್ನ ಥರ ಕಳ್ಳರಾತ್ರಿ ಮಾಡ್ಬೇಡ” ಎಂದು ಹೇಳಿ ಅಜ್ಜಿ ಎರಡು ಸಾಲು ಕಲಿಸಿದರು. ನಿದ್ದೆಯಲ್ಲಿದ್ದಂತೆಯೇ ಅಕ್ಕನನ್ನು ದೋಣಿಗೆ ಎತ್ತಿದರು. ಫಲೇಸಿ ಅಜ್ಜಿ ಬೀಳ್ಕೊಡಲು ನೀರಿಗಿಳಿದರು. ಮೊಣಕಾಲಿನವರೆಗೆ ಎಂದು ಅವರು, ಹಿಮ್ಮಡಿಯವರೆಗೆ ಎಂದು ಲಮೇಕಿ.

ನಾನು ಇದನ್ನು ಕೇಳಲು ಹೋದದ್ದು ಜೂನ್‌ನಲ್ಲಿ, ಒಂದು ಮಧ್ಯಾಹ್ನ. ಹಾಡಿನ ಕೊನೆಯನ್ನು ಕೇಳಿದ್ದಕ್ಕೆ ಅಜ್ಜಿ ಖಡಾಖಂಡಿತವಾಗಿ, “ಸಂಜೆ ಬನ್ನಿ. ಒಂದು ಸಲ ಮಾಡಿದ್ದೇ ಸಾಕು” ಎಂದರು. ನನ್ನ ಬೆರಳನ್ನು ಹಿಡಿದು ತಮ್ಮ ಎಡ ಹಣೆಯ ಮೇಲೆ ಕೂದಲಂಚಿಗೆ ಇಟ್ಟರು. ಅಲ್ಲೊಂದು ಗಟ್ಟಿ ಉಬ್ಬು ನಿಜಕ್ಕೂ ಇದೆ. ಕೊಂಬು ಎಂದು ಅಜ್ಜಿ. ಅವಸರದಲ್ಲಿ ಇಳಿಯುವಾಗ ವ್ಯಾನಿನ ಬಾಗಿಲು ತಗುಲಿದ್ದು ಎಂದು ಲಮೇಕಿ. ಎರಡೂ ಹೇಳಿಕೆಗಳನ್ನು ಇಲ್ಲಿ ಇಟ್ಟಿದ್ದೇನೆ.

ಅಂಗಳದಿಂದ ಸರೋವರ ಕಾಣುತ್ತಿತ್ತು. ಗಾಳಿಯಿಲ್ಲದ ಹೊತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ತೊಡಗುತ್ತದೆಂದು ತಿಳಿಯದ ಆ ಬಿಳುಪಿನ ನಡುವೆ, ಬೂದು ಹೊಗೆಯ ಒಂದು ಕಂಬ ಎದ್ದು ನಿಂತಿತು. ದಂಡೆಯಲ್ಲಿ ಹೆಂಗಸರು ಬುಟ್ಟಿಗಳಿಗೆ ಎಣ್ಣೆ ಸವರುತ್ತ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಫಲೇಸಿ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಬುಟ್ಟಿಯನ್ನೂ ಉಪ್ಪಿನ ಡಬ್ಬಿಯನ್ನೂ ತಂದರು.

“ಅಕ್ಕ ಒಲೆ ಹಚ್ಚಿದಾಳೆ” ಎಂದರು. “ಉಪ್ಪು ಮಾತ್ರ ನಾನೇ ಹಾಕ್ಕೋಬೇಕು.”